ಹಲ್ಲಿನ ಡಾಕ್ಟರ ಗೋಡೆಯ ಬೀದಿ

ಡಾಕ್ಟರು ಕೇಳಿದ್ದು ಒಂದು ಕೆರೆ. ಇನ್ನೊಂಚೂರು ಬರೆದದ್ದು ಒಂದು ಬೀದಿ.

ಇನ್ನೊಂಚೂರು ಎಂಬುದು ಮನೆಯವರು ಇಟ್ಟ ಹೆಸರಲ್ಲ. ಚಿತ್ರಕಲಾ ಕಾಲೇಜಿಗೆ ಸೇರಿದ ಮೊದಲ ವರ್ಷವೇ ಅಂಟಿಕೊಂಡ ಅಡ್ಡಹೆಸರು. ಮೇಷ್ಟ್ರು ಹಿಂದೆ ಬಂದು ನಿಂತು "ಆಯ್ತೇನಪ್ಪಾ?" ಎಂದಾಗಲೆಲ್ಲ ಅವನು "ಇನ್ನೊಂಚೂರು ಇದೆ ಸರ್" ಎನ್ನುತ್ತಿದ್ದ. ಉಳಿದವರು ಚಿತ್ರ ಒಪ್ಪಿಸಿ, ಕೈ ತೊಳೆದು, ಊಟ ಮುಗಿಸಿ ಬಂದರೂ ಅವನಿಗೆ ಇನ್ನೊಂಚೂರು ಇದ್ದೇ ಇರುತ್ತಿತ್ತು. ಐದು ವರ್ಷದ ಕೋರ್ಸಿನಲ್ಲಿ ಅವನು ಎಂಟನೆಯ ವರ್ಷಕ್ಕೆ ಬಂದಿದ್ದ. ಎಂಟಕ್ಕಿಂತ ಹೆಚ್ಚು ವರ್ಷ ಯಾರನ್ನೂ ಇಟ್ಟುಕೊಳ್ಳಬಾರದೆಂದು ಕಾಲೇಜಿನಲ್ಲಿ ನಿಯಮವಿತ್ತು. ಅಂಥ ನಿಯಮವೊಂದು ಇದೆ ಎನ್ನುವುದು ಆಫೀಸಿನವರಿಗೂ ಅವನಿಂದಲೇ ತಿಳಿದದ್ದು.

ಅವನು ದಡ್ಡನಲ್ಲ. ಕೈ ಬಹಳ ಚೆನ್ನಾಗಿತ್ತು, ತೊಂದರೆಯಾದದ್ದೇ ಅದರಿಂದ. ಕೈ ಕೆಟ್ಟದಾಗಿದ್ದರೆ ಯಾರಾದರೂ ನಾಲ್ಕು ಒಳ್ಳೆಯ ಮಾತು ಹೇಳಿ ಮನೆಗೆ ಕಳಿಸಿರುತ್ತಿದ್ದರು. ಕೊನೆಯ ಪರೀಕ್ಷೆಗೆ ಒಂದೇ ಒಂದು ಪೂರ್ತಿಯಾದ ಚಿತ್ರ ಸಾಕು. ಅದರ ಮೂಲೆಯಲ್ಲಿ ಸಹಿ, ಸಹಿಯ ಕೆಳಗೆ ಮುಗಿಸಿದ ತಾರೀಕು ಇರಬೇಕು. ಅವನು ಆರಿಸಿಕೊಂಡದ್ದು ಅಕ್ಕನನ್ನು. ಅಕ್ಕ ಟೈಲರು. ಅವಳು ಮಿಷನ್ನಿನ ಮುಂದೆ ಕೂತು ರವಿಕೆಗೆ ತೋಳು ಸೇರಿಸುತ್ತಿರುವ ಚಿತ್ರ. ಮೊದಲ ವರ್ಷ ಅಕ್ಕನ ಕೈ ದೊಡ್ಡದಾಯಿತೆಂದು ಕೆರೆದು ಹಾಕಿದ. ಎರಡನೆಯ ವರ್ಷ ಕೈ ಸರಿಹೋಯಿತು, ಬೆಳಕು ಸುಳ್ಳು ಹೇಳುತ್ತಿದೆ ಅನ್ನಿಸಿ ಮತ್ತೆ ಕೆರೆದ. ಮೂರನೆಯ ವರ್ಷ ಅಕ್ಕ ಮಿಷನ್ನನ್ನೇ ಬದಲಾಯಿಸಿದಳು. ಅಷ್ಟು ಹೊತ್ತಿಗೆ ಕ್ಯಾನ್ವಾಸು ಬಣ್ಣ ಕುಡಿದು ಕುಡಿದು ಹಲಗೆಯಂತೆ ಗಟ್ಟಿಯಾಗಿತ್ತು.

"ಮೂರು ವರ್ಷದಿಂದ ಅದೇ ತೋಳು ಹೊಲೀತಾ ಕೂತಿದ್ದೀನಲ್ಲೋ ನಿನ್ನ ಚಿತ್ರದಲ್ಲಿ," ಎಂದಳು ಅಕ್ಕ. "ನಿಜವಾದ ಗಿರಾಕಿ ಆಗಿದ್ರೆ ಇಷ್ಟೊತ್ತಿಗೆ ಬಟ್ಟೆ ವಾಪಸ್ ಇಸ್ಕೊಂಡು ಹೋಗಿರೋರು."

"ಇನ್ನೊಂಚೂರು ಅಕ್ಕ."

"ಅದನ್ನ ನಾನು ಗಿರಾಕಿಗೆ ಹೇಳ್ತೀನಿ ಕಣೋ. ನನಗೇ ಹೇಳ್ಬೇಡ."

ಸ್ಟುಡಿಯೋದಲ್ಲಿ ಅವನ ಪಕ್ಕದ ಜಾಗ ಅಳತೆಗೋಲಿನದು. ಅಳತೆಗೋಲು ಎಂಬವನು ಪೆನ್ಸಿಲ್ಲು ಹಿಡಿದ ಕೈ ಚಾಚಿ, ಒಂದು ಕಣ್ಣು ಮುಚ್ಚಿ, ಕಂಡದ್ದನ್ನೆಲ್ಲ ಅಳೆಯುತ್ತಿದ್ದ. ಅಳೆದದ್ದನ್ನು ಅಳೆದಷ್ಟೇ ಬರೆದು, ಹೇಳಿದ ದಿನಕ್ಕೆ ಕೊಟ್ಟು, ಐದೇ ವರ್ಷದಲ್ಲಿ ಪಾಸಾಗಿ, ಒಂದು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾದ. ಅವನ ಚಿತ್ರದಲ್ಲಿ ತಪ್ಪು ಇರುತ್ತಿರಲಿಲ್ಲ, ಅದರ ಮುಂದೆ ಯಾರೂ ನಿಲ್ಲುತ್ತಲೂ ಇರಲಿಲ್ಲ. ಇದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಆ ಮಾತು ಎತ್ತುತ್ತಿರಲಿಲ್ಲ.

"ಮುಗೀತು ಅಂತ ನಿನಗೆ ಹೇಗೆ ಗೊತ್ತಾಗುತ್ತೋ?" ಎಂದು ಇನ್ನೊಂಚೂರು ಒಮ್ಮೆ ಕೇಳಿದ.

"ಬೆಲ್ ಹೊಡೀತಾರೆ," ಎಂದ ಅಳತೆಗೋಲು.

ಇನ್ನೊಂಚೂರು ಅದನ್ನು ತಮಾಷೆಯೆಂದು ತೆಗೆದುಕೊಳ್ಳಲಿಲ್ಲ. "ನನಗೆ ಕೇಳಿಸಲ್ಲ ಅನ್ಸುತ್ತೆ," ಎಂದ.

ಅವನಿಗೆ ಇನ್ನೊಂದು ಅಭ್ಯಾಸವಿತ್ತು. ಏನು ಬರೆದರೂ ಗೆಳೆಯನನ್ನು ಕರೆದು ತೋರಿಸಿ, "ಸಾಕಾ?" ಎನ್ನುತ್ತಿದ್ದ. ಅಳತೆಗೋಲು ಕೈ ಚಾಚಿ, ಕಣ್ಣು ಮುಚ್ಚಿ, "ಮೇಜಿನ ಕಾಲು ಅರ್ಧ ಇಂಚು ಉದ್ದ ಆಯ್ತು" ಎಂದೋ "ಆ ಭುಜ ಇಳಿಸು" ಎಂದೋ ಹೇಳುತ್ತಿದ್ದ. ಅವನು ಹೇಳಿದ್ದು ಸರಿಯೇ ಇರುತ್ತಿತ್ತು. ಎಂಟು ವರ್ಷದಲ್ಲಿ ಒಮ್ಮೆಯೂ ಅವನು "ಸಾಕು" ಎಂದದ್ದಿಲ್ಲ.

ಡಾಕ್ಟರ ಕೆಲಸ ಬಂದದ್ದು ಅಕ್ಕನ ಕಡೆಯಿಂದ. ಹಲ್ಲಿನ ಡಾಕ್ಟರ ಬಿಳಿ ಕೋಟು ಹೊಲಿಯುತ್ತಿದ್ದವಳು ಅವಳು. ಅಳತೆ ಕೊಡುವಾಗ ಡಾಕ್ಟರು, ಕಾಯುವ ಕೋಣೆಯ ಗೋಡೆ ಬೋಳಾಗಿದೆ, ಜನ ಎದುರುಬದುರು ಕೂತು ಒಬ್ಬರ ಊದಿದ ಕೆನ್ನೆ ಒಬ್ಬರು ನೋಡಿ ಹೆದರುತ್ತಾರೆ ಎಂದರು. "ನನ್ನ ತಮ್ಮ ಇದ್ದಾನೆ," ಎಂದಳು ಅಕ್ಕ. "ಆದರೆ ಯಾವಾಗ ಮುಗಿಸ್ತಾನೆ ಅಂತ ಮಾತ್ರ ನನ್ನನ್ನ ಕೇಳ್ಬೇಡಿ." ಕೂಲಿಯ ಬದಲು ಡಾಕ್ಟರು, ಅವನಿಗೂ ಅವನ ಮನೆಯವರಿಗೂ ಬದುಕಿರುವಷ್ಟು ದಿನ ಪುಕ್ಕಟೆಯಾಗಿ ಹಲ್ಲು ನೋಡುತ್ತೇನೆ ಎಂದರು. ಆ ಮನೆಯಲ್ಲಿ ಎಲ್ಲರ ಹಲ್ಲೂ ಗಟ್ಟಿ. ಡಾಕ್ಟರಿಗೆ ಇದು ಲಾಭದ ಒಪ್ಪಂದವಾಗಿ ಕಂಡಿರಬೇಕು.

ಇನ್ನೊಂಚೂರು ಮೊದಲ ದಿನ ಬಣ್ಣ ಬಿಚ್ಚಲಿಲ್ಲ. ಗೋಡೆಯ ಎದುರಿಗಿದ್ದ ಹನ್ನೆರಡು ಕುರ್ಚಿಗಳಲ್ಲಿ ಒಂದೊಂದರಲ್ಲೂ ಕೂತು ನೋಡಿದ. ಹಲ್ಲು ನೋವಿನವರು ನೀರು ಕಂಡರೆ ಬಾಯಿ ಮುಕ್ಕಳಿಸುವುದು ನೆನಪಾಗುತ್ತದೆ, ಕೆರೆ ಬೇಡ ಅನ್ನಿಸಿತು. ಮೂರು ವಾರದಲ್ಲಿ ಗೋಡೆಯ ಮೇಲೆ ಒಂದು ಬೀದಿ ಬಂತು. ಬೀದಿಯಾಚೆಯ ಸಾಲಿನ ಏಳು ಮನೆ. ಒಂದರ ಬಾಗಿಲು ಹಸಿರು. ಒಂದರ ಮಾಳಿಗೆಯ ಮೇಲೆ ಬಟ್ಟೆ ಒಣಗುತ್ತಿತ್ತು. ಕೊನೆಯ ಮನೆಗೆ ಏಣಿ ಚಾಚಿ ಒಬ್ಬ ಸುಣ್ಣ ಹೊಡೆಯುತ್ತಿದ್ದ. ಬೀದಿಯಲ್ಲಿ ಮತ್ತೆ ಯಾರೂ ಇರಲಿಲ್ಲ. ಆದರೆ ಈಗಷ್ಟೇ ಒಳಗೆ ಹೋಗಿದ್ದಾರೆ ಅನ್ನಿಸುತ್ತಿತ್ತು.

"ನಾನು ಕೆರೆ ಕೇಳಿದ್ದೆನಲ್ಲಪ್ಪಾ," ಎಂದರು ಡಾಕ್ಟರು.

"ಈ ಮನೆಗಳ ಹಿಂದುಗಡೆ ಇದೆ ಸರ್."

ಡಾಕ್ಟರು ಮನೆಗಳ ಹಿಂದುಗಡೆಯನ್ನು ಸ್ವಲ್ಪ ಹೊತ್ತು ನೋಡಿದರು. "ಸರಿ. ಏಣಿ ತಗೊಂಡು ಹೊರಡು. ಈ ಬಣ್ಣದ ವಾಸನೆಗೆ ನನ್ನ ಪೇಷಂಟುಗಳು ವಾಕರಿಸ್ತಿದ್ದಾರೆ."

"ಸರ್, ಇನ್ನೊಂಚೂರು..."

"ಇಲ್ಲ."

ಮನೆಗೆ ಹೋಗಿ ಕೈಗೆ ಸೋಪು ಹಚ್ಚುತ್ತಿರುವಾಗ ಅವನಿಗೆ ಹೊಳೆಯಿತು: ಮೂರನೆಯ ಮನೆಯ ಕಿಟಕಿ ಮುಚ್ಚಿರಬಾರದಿತ್ತು. ಮಧ್ಯಾಹ್ನದ ಸೆಕೆಯಲ್ಲಿ ನೆರಳಿನ ಕಡೆಯ ಕಿಟಕಿಯನ್ನು ಯಾರು ಮುಚ್ಚುತ್ತಾರೆ? ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಅವನು ದವಡೆ ಹಿಡಿದುಕೊಂಡು ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಟೋಕನ್ ತೆಗೆದುಕೊಂಡ.

ಜೇಬಿನಲ್ಲಿ ವಾಸನೆಯಿಲ್ಲದ ಬಣ್ಣದ ಎರಡು ಸಣ್ಣ ಟ್ಯೂಬು, ಹಿಡಿ ಮುರಿದು ಗಿಡ್ಡ ಮಾಡಿಕೊಂಡ ಒಂದು ಬ್ರಷ್ಷು. ಕೌಂಟರಿನಾಕೆ ಒಳಗೆ ಹೋದಾಗ, ಕೋಣೆಯಲ್ಲಿ ಒಬ್ಬರೇ ಇಬ್ಬರೇ ಇದ್ದು ಅವರೂ ನೋವಿಗೆ ಕಣ್ಣು ಮುಚ್ಚಿಕೊಂಡಿದ್ದಾಗ, ಅವನು ಎದ್ದು ಕಿಟಕಿಯ ಒಂದು ಬಾಗಿಲನ್ನು ತೆರೆದ. ಅಷ್ಟರಲ್ಲಿ ಟೋಕನ್ ಕೂಗಿದರು. ಒಳಗೆ ಹೋಗಿ ಬಾಯಿ ತೆರೆಯಲೇಬೇಕಾಯಿತು. ಡಾಕ್ಟರು ಹುಡುಕಿ ಹುಡುಕಿ ಏನೂ ಕಾಣದೆ ಹಲ್ಲು ಉಜ್ಜಿ ಕಳಿಸಿದರು. ಕಿಟಕಿಯ ಇನ್ನೊಂದು ಬಾಗಿಲು ಬಾಕಿ ಉಳಿಯಿತು. ಅದಕ್ಕೆ ಮುಂದಿನ ಗುರುವಾರ ಮತ್ತೆ ಹೋದ.

ಹೀಗೆ ಅವನ ಬಾಯಿಯಲ್ಲಿ ಆಗಬಹುದಾದ ಕೆಲಸವೆಲ್ಲ ನಾಲ್ಕು ತಿಂಗಳಲ್ಲಿ ಮುಗಿಯಿತು. ಒಣಹಾಕಿದ ಬಟ್ಟೆಯನ್ನು ಒಳಗೆ ತೆಗೆದುಕೊಳ್ಳಲು ಎರಡು ಸಲ ಕ್ಲೀನಿಂಗ್. ಹಸಿರು ಬಾಗಿಲ ಮುಂದೆ ಒಂದು ಜೊತೆ ಚಪ್ಪಲಿ ಬಿಡಲು ಒಂದು ಬುದ್ಧಿಹಲ್ಲು. ಆಮೇಲೆ ಅವನು ಮನೆಯವರ ಕಡೆ ತಿರುಗಿದ.

"ನನ್ನ ಹಲ್ಲು ಕಲ್ಲಿದ್ದ ಹಾಗಿದೆ ಕಣೋ," ಎಂದಳು ಅಕ್ಕ.

"ಒಂದ್ಸಲ ತೋರಿಸ್ಕೊಂಡ್ರೆ ಏನಾಗುತ್ತಕ್ಕ. ಪುಕ್ಕಟೆ."

"ಪುಕ್ಕಟೆ ಅಂತ ಯಾರಾದ್ರೂ ಹಲ್ಲು ಕೀಳಿಸ್ಕೊತಾರೇನೋ?"

ಆದರೂ ಹೋದಳು. ಅಮ್ಮನೂ ಹೋದಳು. ಅಮ್ಮ ಒಳಗೆ ಬಾಯಿ ತೆರೆದು ಮಲಗಿರುವಾಗ ಮಗ ಹೊರಗೆ ಆರನೆಯ ಮನೆಯ ಮೆಟ್ಟಿಲಿಗೆ ಬಿರುಕು ಬಿಡಿಸುತ್ತಿದ್ದ. "ಇವತ್ತು ಎಷ್ಟು ಕೆಲಸ ಆಯ್ತು?" ಎಂದು ಅಮ್ಮ ಹೊರಗೆ ಬಂದು ಕೇಳಿದರೆ, ಕೌಂಟರಿನಾಕೆ ಅದು ತನಗೆ ಕೇಳಿದ್ದೆಂದು ತಿಳಿದು, "ಒಂದು ಫಿಲ್ಲಿಂಗ್ ಅಮ್ಮ," ಎಂದಳು.

ಬದಲಾವಣೆಗಳನ್ನು ಮೊದಲು ಗಮನಿಸಿದ್ದು ಒಬ್ಬ ಅಜ್ಜಿ. ಅವಳಿಗೆ ಹಲ್ಲಿನ ಸೆಟ್ಟು ಮಾಡಿಸುವುದಿತ್ತು. ಅಳತೆ ಸರಿಹೋಗದೆ ತಿಂಗಳುಗಟ್ಟಲೆ ಬರುತ್ತಿದ್ದಳು. ಬುದ್ಧಿಹಲ್ಲು ಕೀಳಿಸಬೇಕಿದ್ದ ಗುರುವಾರ ಇನ್ನೊಂಚೂರು ಇಂಜೆಕ್ಷನ್ ಚುಚ್ಚಿಸಿಕೊಂಡು, ದವಡೆ ಮರಗಟ್ಟುವವರೆಗೆ ಹೊರಗೆ ಕೂತಿರು ಎಂದದ್ದಕ್ಕೆ ಕೂತಿದ್ದ. ಬಾಯಲ್ಲಿ ಹತ್ತಿ. ಅಜ್ಜಿ ಪಕ್ಕದವರಿಗೆ ಹೇಳುತ್ತಿದ್ದಳು:

"ಹಸಿರು ಬಾಗಿಲ ಮನೆಗೆ ಯಾರೋ ಬಂದಿದ್ದಾರೆ ನೋಡಿ. ಚಪ್ಪಲಿ ಇದೆ. ಹೋದ ಸಲ ಇರ್ಲಿಲ್ಲ."

"ನೆಂಟರು ಇರ್ಬೇಕು," ಎಂದರು ಕೆನ್ನೆ ಊದಿದ ಒಬ್ಬರು.

"ನೆಂಟರಾದ್ರೆ ಒಂದೇ ಜೊತೆ ಇರುತ್ತಾ? ಸಾಲ ಕೇಳೋಕೆ ಬಂದೋನು ಇರ್ಬೇಕು."

"ಆ ಸುಣ್ಣದೋನು ಏನಜ್ಜಿ, ನಾನು ಬಂದಾಗಿಂದ ಅದೇ ಗೋಡೆ ಹೊಡೀತಿದ್ದಾನೆ."

"ಅವನು ಕೂಲಿಯೋನು. ಬೇಗ ಮುಗಿಸಿದ್ರೆ ನಾಳೆ ಏನು ಮಾಡ್ತಾನೆ?"

ಇನ್ನೊಂಚೂರು ಕಿವಿ ನಿಮಿರಿಸಿ ಕೂತಿದ್ದ. ಏನಾದರೂ ಹೇಳಬೇಕೆಂದರೂ ನಾಲಿಗೆ ಅವನದಾಗಿರಲಿಲ್ಲ. ಅಜ್ಜಿ ಅವನತ್ತ ತಿರುಗಿ, "ನೀನೂ ಬಹಳ ದಿನದಿಂದ ಬರ್ತೀಯ, ಪಾಪ. ನಿಂಗೇನಾಗಿದೆಯಪ್ಪಾ?" ಎಂದಳು. ಅವನು ಬಾಯಿಯನ್ನು ತೋರಿಸಿದ. ಅವಳು ಬಾಯಿಯೊಳಗೆ ಇಣುಕಿ ನೋಡಿ, "ಎಲ್ಲಾ ಚೆನ್ನಾಗಿದೆಯಲ್ಲೋ," ಎಂದಳು.

ಅದೇ ತಿಂಗಳು ಅವರ ಜೊತೆ ಓದಿದವನೊಬ್ಬನ ಚಿತ್ರಗಳ ಪ್ರದರ್ಶನವಿತ್ತು. ಪತ್ರಿಕೆಯಲ್ಲಿ ಫೋಟೋ ಬಂದಿತ್ತು. ಇಬ್ಬರೂ ಇಸ್ತ್ರಿ ಅಂಗಿ ಹಾಕಿಕೊಂಡು ಹೋದರು. ದೀಪಗಳು ಚೆನ್ನಾಗಿದ್ದವು. ಬಂದವರೆಲ್ಲ ಕೈಯಲ್ಲಿ ಲೋಟ ಹಿಡಿದು, ಚಿತ್ರಗಳಿಗೆ ಬೆನ್ನು ಮಾಡಿ, ಒಬ್ಬರ ಮುಖ ಒಬ್ಬರು ನೋಡುತ್ತ ಮಾತಾಡುತ್ತಿದ್ದರು. ಹೊರಗೆ ಬಂದ ಮೇಲೆ ಇನ್ನೊಂಚೂರು ಬಸ್ ಸ್ಟಾಪನ್ನೂ ದಾಟಿ ನಡೆದ.

"ಹೊಟ್ಟೆ ಉರೀತಿದೆಯಾ?" ಎಂದು ಅಳತೆಗೋಲು ಕೇಳಿದ.

"ಉರೀತಿದೆ. ಅವನು ಇಪ್ಪತ್ತೆರಡು ಚಿತ್ರ ಮುಗಿಸಿದ್ದಾನೆ." ಮತ್ತೆ ಸ್ವಲ್ಪ ದೂರ ನಡೆದು, "ನನ್ನ ಗೋಡೇನ ಜನ ನೋಡ್ತಾರೆ ಕಣೋ. ಆದರೆ ಅದು ಲೆಕ್ಕಕ್ಕಿಲ್ಲ. ಅವರಿಗೆ ಎದುರಿಗಿರೋದು ಅದೊಂದೇ ಗೋಡೆ," ಎಂದ.

ಆ ಮಾತಿಗೆ ಹೇಳಬಹುದಾದ ಉತ್ತರ ಅಳತೆಗೋಲಿಗೆ ಗೊತ್ತಿತ್ತು. ಅವನು ಆ ಗೋಡೆಯನ್ನು ನೋಡಿದ್ದ. ಹನ್ನೆರಡು ಕುರ್ಚಿಗಳಲ್ಲಿ ಒಂದರಲ್ಲಿ ಕೂತು, ಯಾವ ಹಲ್ಲೂ ನೋಯದೆ, ಮುಕ್ಕಾಲು ಗಂಟೆ ನೋಡಿದ್ದ. ಆ ಹೊತ್ತಿನಲ್ಲಿ ಕೈ ಚಾಚಿ ಅಳೆಯುವುದು ಅವನಿಗೆ ನೆನಪಾಗಿರಲಿಲ್ಲ. ಅದನ್ನು ಹೇಳುವ ಬದಲು ಅವನು, "ನಾಲ್ಕನೇ ಮನೆ ಸ್ವಲ್ಪ ಮುಂದಕ್ಕೆ ವಾಲಿದೆ, ನೋಡ್ಕೋ," ಎಂದ.

ಗುರುವಾರ ನಾಲ್ಕನೆಯ ಮನೆ ನೆಟ್ಟಗಾಯಿತು. ಅದಕ್ಕಾಗಿ ಅಕ್ಕನ ಒಂದು ಹಲ್ಲಿಗೆ ಸಿಮೆಂಟು ತುಂಬಿದರು.

ಎಂಟನೆಯ ವರ್ಷದ ಪರೀಕ್ಷೆ ಬಂದಾಗ ಅವನ ಬಳಿ ಒಪ್ಪಿಸಲು ಏನೂ ಇರಲಿಲ್ಲ. ಕ್ಯಾನ್ವಾಸಿನ ಮೇಲೆ ಅಕ್ಕನ ಗುರುತು ಸಿಗುವಂತಿರಲಿಲ್ಲ. ಗೋಡೆಯನ್ನು ತೋರಿಸು ಎಂದದ್ದು ಅಳತೆಗೋಲು. ಗೋಡೆ ಕಾಲೇಜಿಗೆ ಬರುವಂತಿಲ್ಲವಾದ್ದರಿಂದ ಕಾಲೇಜೇ ಗೋಡೆಯ ಬಳಿಗೆ ಬಂತು: ಬಣ್ಣದ ಮೇಷ್ಟ್ರು, ಹೊರಗಿನಿಂದ ಬಂದ ಇಬ್ಬರು ಪರೀಕ್ಷಕರು, ಒಂದು ಫೈಲು. ಕೌಂಟರಿನಾಕೆ ಮೂವರಿಗೂ ಟೋಕನ್ ಕೊಟ್ಟು ಕೂರಿಸಿದಳು. ಪರೀಕ್ಷಕರಲ್ಲಿ ಒಬ್ಬರು, ತಾವು ಚಿತ್ರ ನೋಡಲು ಬಂದವರು ಎಂದರು. "ಎಲ್ಲರೂ ಅದನ್ನೇ ನೋಡೋದು ಸರ್, ಕೂತ್ಕೊಳಿ," ಎಂದಳು ಅವಳು.

ಅಜ್ಜಿ ಅವರಿಗೆ ಬೀದಿಯ ಸಮಾಚಾರವೆಲ್ಲ ಹೇಳಿದಳು. ಯಾವ ಕಿಟಕಿ ಯಾವಾಗ ತೆರೆಯಿತು, ಮಾಳಿಗೆಯ ಬಟ್ಟೆ ಯಾವ ವಾರ ಒಳಗೆ ಹೋಯಿತು, ಚಪ್ಪಲಿಯವನು ಇನ್ನೂ ಏಕೆ ಹೊರಟಿಲ್ಲ. ಮೇಷ್ಟ್ರು ಬಹಳ ಹೊತ್ತು ಕೇಳಿ, ಶಿಷ್ಯನ ಕಡೆ ತಿರುಗಿದರು. ಡಾಕ್ಟರೂ ಒಳಗಿನಿಂದ ಬಂದು ನಿಂತಿದ್ದರು.

"ಇದನ್ನೆಲ್ಲ ನೀನು ಯಾವಾಗ ಮಾಡಿದೆಯೋ?" ಎಂದರು ಮೇಷ್ಟ್ರು.

"ಗುರುವಾರ ಗುರುವಾರ ಸರ್."

"ಇವನ ಹಲ್ಲಿಗೆ ಏನೂ ಆಗಿಲ್ಲ ಅಂತ ನನಗೆ ಮೊದಲನೇ ದಿನವೇ ಗೊತ್ತು," ಎಂದರು ಡಾಕ್ಟರು. "ಸುಮ್ಮನಿದ್ದೆ. ಜನ ಅರ್ಧ ಗಂಟೆ ಮುಂಚೆ ಬರೋಕೆ ಶುರು ಮಾಡಿದ್ರು. ಹೆದರೋದೂ ಕಡಿಮೆ ಆಯ್ತು." ಕೈಗವಸು ಬಿಚ್ಚುತ್ತ, "ಬುದ್ಧಿಹಲ್ಲು ಮಾತ್ರ ಅವನೇ ಹಟ ಮಾಡಿ ಕೀಳಿಸ್ಕೊಂಡ," ಎಂದರು.

ಮೇಷ್ಟ್ರು ಎದ್ದು ಗೋಡೆಯ ಹತ್ತಿರ ಹೋಗಿ ನಿಂತರು. ಎಂಟು ವರ್ಷ ಕೇಳಿದ ಪ್ರಶ್ನೆಯನ್ನು ಕೊನೆಯ ಸಲ ಕೇಳಿದರು.

"ಆಯ್ತೇನಪ್ಪಾ?"

ಇನ್ನೊಂಚೂರು ಗೆಳೆಯನ ಕಡೆ ನೋಡಿದ. ಅಳತೆಗೋಲು ಶಾಲೆಗೆ ಅರ್ಧ ದಿನ ರಜೆ ಹಾಕಿ ಬಂದು ಬಾಗಿಲ ಬಳಿ ನಿಂತಿದ್ದ. ಅವನು ತಲೆ ತಗ್ಗಿಸಿ ನೆಲದ ಟೈಲ್ಸ್ ಎಣಿಸಿದ. ಇನ್ನೊಂಚೂರು ಜೇಬಿನಿಂದ ಗಿಡ್ಡ ಬ್ರಷ್ಷು ತೆಗೆದು, ಗೋಡೆಯ ಬಲ ಮೂಲೆಯಲ್ಲಿ ಸಹಿ ಮಾಡಿದ. ಕೋಣೆಯಲ್ಲಿದ್ದವರು ಆಗ ಅವನನ್ನು ಮೊದಲ ಸಲ ಸರಿಯಾಗಿ ನೋಡಿದರು. "ನೀನಾ?" ಎಂದಳು ಅಜ್ಜಿ. "ಮತ್ತೆ ಸುಮ್ಮನೆ ಕೂತಿದ್ದೆಯಲ್ಲೋ ಕಳ್ಳ."

"ತಾರೀಕು?" ಎಂದರು ಮೇಷ್ಟ್ರು.

ಬ್ರಷ್ಷು ಗೋಡೆಯ ಹತ್ತಿರ ಹೋಗಿ ನಿಂತಿತು. "ತಾರೀಕು ಇನ್ನೊಂಚೂರು ಇರಲಿ ಸರ್."

ಪರೀಕ್ಷಕರು ಅವನನ್ನು ಪಾಸು ಮಾಡಿದರು. ಒಳ್ಳೆಯ ಅಂಕವನ್ನೇ ಕೊಟ್ಟರು. ಆದರೆ ನಮೂನೆಯಲ್ಲಿ ಕೃತಿ ಮುಗಿದ ದಿನಾಂಕ ಎಂಬ ಕಲಂ ಇತ್ತು. ಅದು ತುಂಬದೆ ಅಂಕಪಟ್ಟಿ ಕೊಡುವಂತಿರಲಿಲ್ಲ. ಮೇಷ್ಟ್ರು ಅದನ್ನು ತಮ್ಮ ಡ್ರಾಯರಿನಲ್ಲಿ ಇಟ್ಟುಕೊಂಡು, "ತಾರೀಕು ಹಾಕಿದ ದಿನ ಬಂದು ತಗೊಂಡು ಹೋಗು," ಎಂದರು. ಅಕ್ಕ ಕೇಳಿದಾಗಲೆಲ್ಲ ಅವನು ಪಾಸಾಗಿದ್ದೇನೆ ಎನ್ನುತ್ತಿದ್ದ. "ಪಾಸಾದೋರಿಗೆ ಕಾಗದ ಕೊಡ್ತಾರಲ್ಲೋ, ಅದೆಲ್ಲಿ?" ಎಂದರೆ ಉತ್ತರ ಗೊತ್ತೇ ಇತ್ತು.

ಒಂದು ವರ್ಷಕ್ಕೂ ಹೆಚ್ಚು ದಿನ ಹೀಗೇ ನಡೆಯಿತು. ಈಗ ಡಾಕ್ಟರು ಅವನ ಬಾಯಿ ತೆರೆಸುತ್ತಿರಲಿಲ್ಲ. ಆದರೂ ಅವನು ಟೋಕನ್ ತೆಗೆದುಕೊಂಡೇ ಕೂರುತ್ತಿದ್ದ, ತನ್ನ ಸಂಖ್ಯೆ ಕೂಗುವವರೆಗೆ ಮಾತ್ರ ಕೆಲಸ ಮಾಡುತ್ತಿದ್ದ. ಅದು ಅವನು ತನಗೆ ತಾನೇ ಇಟ್ಟುಕೊಂಡ ಬೆಲ್ಲು ಎಂದು ಅಳತೆಗೋಲಿಗೆ ಅರ್ಥವಾದದ್ದು ತಡವಾಗಿ.

ಒಂದು ಶನಿವಾರ ಅವನಿಗೆ ಜ್ವರ ಬಂತು. ಸೋಮವಾರ ಗೆಳೆಯನಿಗೆ ಫೋನು ಮಾಡಿದ.

"ಏಣಿಯ ನೆರಳು ತಪ್ಪಾಗಿದೆ ಕಣೋ. ಮಲಗಿದ್ದಾಗ ಹೊಳೀತು. ಎಲ್ಲಾ ಮನೆ ನೆರಳೂ ಬಲಕ್ಕೆ ಬಿದ್ದಿದೆ, ಏಣಿದು ಮಾತ್ರ ಎಡಕ್ಕೆ. ಇಷ್ಟು ದಿನ ಯಾರೂ ನೋಡಿಲ್ಲ. ನೀನೂ ನೋಡಿಲ್ಲ."

"ನಾನೂ ನೋಡಿಲ್ಲ," ಎಂದ ಅಳತೆಗೋಲು. ಅದು ನಿಜ.

"ಈ ಗುರುವಾರ ಹಾಗೇ ಬಿಡ್ತೀನಿ, ಮೈಯಲ್ಲಿ ಶಕ್ತಿ ಇಲ್ಲ. ಮುಂದಿನ ಗುರುವಾರಕ್ಕೆ ಟೋಕನ್ ಹೇಳಿಟ್ಟಿದ್ದೀನಿ, ಹನ್ನೊಂದು. ಅದೊಂದು ಆದ್ರೆ ತಾರೀಕು ಹಾಕ್ಬಹುದು ಅನ್ಸುತ್ತೆ."

ಬುಧವಾರ ಆಸ್ಪತ್ರೆಗೆ ಸೇರಿಸಿದರು. ಶುಕ್ರವಾರ ಬೆಳಿಗ್ಗೆ ಅವನು ಇರಲಿಲ್ಲ. ಮೂವತ್ತು ವರ್ಷ. ಹಲ್ಲುಗಳೆಲ್ಲ, ಒಂದು ಬಿಟ್ಟು, ಇದ್ದವು.

ಮುಂದಿನ ಗುರುವಾರ ಅಳತೆಗೋಲು ಹನ್ನೊಂದನೆಯ ಟೋಕನ್ ತೆಗೆದುಕೊಂಡು ಕೂತ. ಜೇಬಿನಲ್ಲಿ ಗಿಡ್ಡ ಬ್ರಷ್ಷಿತ್ತು, ಅಕ್ಕ ಕೊಟ್ಟಿದ್ದಳು. "ಅದೇನೋ ನೆರಳು ಅಂತ ಜ್ವರದಲ್ಲಿ ಹೇಳ್ತಾನೇ ಇದ್ದ. ನಿಂಗೆ ಗೊತ್ತಿರುತ್ತೆ," ಎಂದಿದ್ದಳು. ಅವನಿಗೆ ಗೊತ್ತಿತ್ತು. ಕೈ ಚಾಚಿ ಅಳೆದ. ನೆರಳು ಎಲ್ಲಿಂದ ಹೊರಡಬೇಕು, ಎಲ್ಲಿ ನಿಲ್ಲಬೇಕು, ಎಷ್ಟು ತೆಳುವಾಗಬೇಕು ಎಲ್ಲವೂ ಸಿಕ್ಕಿತು. ಹತ್ತು ನಿಮಿಷದ ಕೆಲಸ. ಒಂಬತ್ತನೆಯ ಟೋಕನ್ ಕೂಗಿದರು.

ಅವನು ಎದ್ದು ಹೋಗಿ ಗೋಡೆಯ ಮುಂದೆ ನಿಂತ. ಹತ್ತಿರದಿಂದ ನೋಡಿದರೆ ಒಂದೊಂದು ಕಿಟಕಿಯ ಅಂಚಿನಲ್ಲೂ ಹಳೆಯ ಕಿಟಕಿ ಉಬ್ಬಿಕೊಂಡಿತ್ತು. ನಾಲ್ಕನೆಯ ಮನೆಯ ಮಗ್ಗುಲಲ್ಲಿ, ತಾನು ಹೇಳಿ ನೆಟ್ಟಗೆ ಮಾಡಿಸಿದ್ದರ ಗಾಯ ಕಾಣುತ್ತಿತ್ತು. ವಾಲಿದ್ದಾಗಲೇ ಆ ಮನೆ ಚೆನ್ನಾಗಿತ್ತು. ಅದು ಈಗ ತಿಳಿಯಿತು.

ಅವನು ಕೌಂಟರಿಗೆ ಹೋಗಿ, ಗೆಳೆಯ ಕೊನೆಯ ಸಲ ಬಂದದ್ದು ಯಾವತ್ತು ಎಂದು ಕೇಳಿದ. ಕೌಂಟರಿನಾಕೆ ಪುಸ್ತಕ ತಿರುವಿ, "ಹನ್ನೆರಡನೇ ತಾರೀಕು ಸರ್, ಗುರುವಾರ," ಎಂದಳು. ಅವನು ವಾಪಸು ಬಂದು ಬಲ ಮೂಲೆಯಲ್ಲಿ ಮಂಡಿಯೂರಿ, ಸಹಿಯ ಕೆಳಗೆ ಆ ತಾರೀಕನ್ನು ಬರೆದ. ಅಳತೆ ಮಾಡಲಿಲ್ಲ. ಅಂಕಿಗಳು ಸ್ವಲ್ಪ ಮೇಲೆ ಕೆಳಗಾದವು.

ಅಜ್ಜಿ ಹೊಸ ಹಲ್ಲುಗಳನ್ನು ಹಾಕಿಕೊಂಡು ಒಂದು ಕುರ್ಚಿಯಲ್ಲಿ ಕೂತಿದ್ದಳು. ಸೆಟ್ಟು ಕೊನೆಗೂ ಸರಿಹೋಗಿತ್ತು. ಸುಮ್ಮನೆ ಬೀದಿ ನೋಡಲು ಬಂದಿದ್ದಳು. ಸುದ್ದಿ ಅವಳಿಗೆ ತಿಳಿದಿತ್ತು.

"ಏಣಿ ನೆರಳು ತಪ್ಪಿದೆಯಲ್ಲಪ್ಪಾ, ಅದನ್ನ ಸರಿ ಮಾಡಲ್ವಾ?" ಎಂದಳು. "ನಂಗೆ ಮೊದಲಿಂದ ಗೊತ್ತು. ಹೇಳಿದ್ರೆ ಪಾಪ ಬೇಜಾರು ಮಾಡ್ಕೊತಾನೆ ಅಂತ ಸುಮ್ಮನಿದ್ದೆ."

"ಇಲ್ಲಜ್ಜಿ," ಎಂದ ಅಳತೆಗೋಲು. "ಸಾಕು."

ಅಜ್ಜಿ ಗೋಡೆಯನ್ನು ಇನ್ನೊಂದು ಸಲ ನೋಡಿ, ಚಪ್ಪಲಿಯವನು ಇನ್ನು ಆ ಮನೆಯಲ್ಲೇ ಇರಲಿ ಎಂದಳು.

ಹನ್ನೊಂದು ಎಂದು ಕೂಗಿದರು. ಅವನು ಒಳಗೆ ಹೋಗಿ ಮಲಗಿ ಬಾಯಿ ತೆರೆದ. ಡಾಕ್ಟರು ಬಹಳ ಹೊತ್ತು ನೋಡಿದರು.

"ನಿಮ್ಮದು ನಿಜವಾಗಲೂ ಒಂದು ಹಾಳಾಗಿದೆ," ಎಂದರು. "ಅವಸರವೇನಿಲ್ಲ. ಗುರುವಾರ ಗುರುವಾರ ಬನ್ನಿ, ಸ್ವಲ್ಪ ಸ್ವಲ್ಪ ಮಾಡೋಣ."

"ಬೇಡ ಸರ್," ಎಂದ ಅವನು. "ಇವತ್ತೇ ಮುಗಿಸಿಬಿಡಿ. ಸಾಯಂಕಾಲದೊಳಗೆ ಕಾಲೇಜಿಗೆ ಹೋಗಿ ಒಂದು ಕಾಗದ ಇಸ್ಕೊಬೇಕು."